ಗ್ರೂಪ್ ಗೊತ್ತುಂಟು ಅಂದ್ರೆ ಸಾಕಾಗುವುದಿಲ್ಲ: ರೋಗಿಗೆ ರಕ್ತ ತರಲು ಹೊರಟವರಿಗೆ

ಕಳೆದ ಮಳೆಗಾಲದ ಒಂದು ರಾತ್ರಿ. ಹನ್ನೊಂದು ಗಂಟೆ ಕಳೆದಿತ್ತು. ಬೆಳ್ತಂಗಡಿ ಕಡೆಯ ಒಬ್ಬ ಹುಡುಗ ಪೂರ್ತಿ ಒದ್ದೆಯಾಗಿ ನಮ್ಮ ಬ್ಲಡ್ ಬ್ಯಾಂಕ್ ಕೌಂಟರಿಗೆ ಬಂದ. "ಅಕ್ಕ, ಅಮ್ಮನಿಗೆ ಬಿ ಪಾಸಿಟಿವ್ ಎರಡು ಬಾಟ್ಲಿ ಬೇಕು. ದುಡ್ಡು ತಂದಿದ್ದೇನೆ" ಅಂದ. ಕೈಯಲ್ಲಿ ಚೀಟಿ ಇಲ್ಲ, ಸ್ಯಾಂಪಲ್ ಇಲ್ಲ. ಕೇಳಿದ್ದಕ್ಕೆ, "ಗ್ರೂಪ್ ಗೊತ್ತುಂಟಲ್ವಾ ಅಕ್ಕ, ಮತ್ತೆಂತಕ್ಕೆ ಸ್ಯಾಂಪಲ್?" ಅಂತ ನನ್ನ ಮುಖ ನೋಡಿದ. ಅವನನ್ನು ಆ ಮಳೆಯಲ್ಲಿ ಮತ್ತೆ ಆಸ್ಪತ್ರೆಗೆ ಓಡಿಸಬೇಕಾಯಿತು. ತಿರುಗಿ ಬರುವಾಗ ಒಂದು ಗಂಟೆ ಹೋಗಿತ್ತು. ಅವನ ತಾಯಿ ಹುಷಾರಾಗಿ ಮನೆಗೆ ಹೋದರು. ಆದರೆ ಆ ಒಂದು ಗಂಟೆ ಉಳಿಸಬಹುದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಮಂಗಳೂರಿನಲ್ಲಿ ಬ್ಲಡ್ ಬ್ಯಾಂಕ್ ಟೆಕ್ನಿಷಿಯನ್ ಆಗಿ ನನಗೆ 22 ವರ್ಷ ಆಯಿತು. ಕಾಸರಗೋಡು, ಪುತ್ತೂರು, ಕಾರ್ಕಳ, ಘಟ್ಟದ ಮೇಲಿನ ಮೂಡಿಗೆರೆ, ಹೀಗೆ ಎಲ್ಲ ಕಡೆಯ ರೋಗಿಗಳು ಇಲ್ಲಿಗೆ ಬರುತ್ತಾರೆ. ಅವರ ಜೊತೆಗೆ ಬಂದವರಿಗೆ ಊರು ಗೊತ್ತಿರುವುದಿಲ್ಲ, ಆಸ್ಪತ್ರೆಯ ಪದ್ಧತಿ ಗೊತ್ತಿರುವುದಿಲ್ಲ. ಕೌಂಟರಿನಲ್ಲಿ ದಿನಾ ನೂರು ಸಲ ಹೇಳುವುದನ್ನು ಇಲ್ಲಿ ನಿಧಾನಕ್ಕೆ ಬರೆಯುತ್ತಿದ್ದೇನೆ.

ಮೊದಲು ಸ್ಯಾಂಪಲ್, ಆಮೇಲೆ ಉಳಿದದ್ದು

ಬ್ಲಡ್ ಬ್ಯಾಂಕಿಗೆ ಹೊರಡುವ ಮೊದಲು ಎರಡು ವಸ್ತು ಕೈಯಲ್ಲಿರಬೇಕು. ಒಂದು, ಡಾಕ್ಟರ್ ಸಹಿ ಮಾಡಿದ ರಿಕ್ವೆಸ್ಟ್ ಫಾರ್ಮ್. ಎರಡು, ರೋಗಿಯ ರಕ್ತದ ಸ್ಯಾಂಪಲ್. ಸಾಮಾನ್ಯವಾಗಿ ನೇರಳೆ ಮುಚ್ಚಳದ ಸಣ್ಣ ಟ್ಯೂಬಿನಲ್ಲಿ ಅದನ್ನು ಕೊಡುತ್ತಾರೆ. ಟ್ಯೂಬಿನ ಮೇಲೆ ರೋಗಿಯ ಪೂರ್ತಿ ಹೆಸರು, ಆಸ್ಪತ್ರೆಯ ನಂಬರ್, ವಾರ್ಡು, ದಿನಾಂಕ, ಸಮಯ ಇರಬೇಕು. ಫಾರ್ಮಿನಲ್ಲಿ ಇರುವುದೂ ಟ್ಯೂಬಿನಲ್ಲಿ ಇರುವುದೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಫಾರ್ಮಿನಲ್ಲಿ "ಲಲಿತಾ ಕೆ." ಅಂತಿದ್ದು ಟ್ಯೂಬಿನಲ್ಲಿ ಬರೀ "ಲಲಿತಾ" ಅಂತಿದ್ದರೆ ನಾವು ತೆಗೆದುಕೊಳ್ಳುವುದಿಲ್ಲ. ಇದು ಹಟ ಅಂತ ತುಂಬಾ ಜನ ಬೇಸರ ಮಾಡಿಕೊಳ್ಳುತ್ತಾರೆ. ಯಾಕೆ ಹೀಗೆ ಅಂತ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ಒಂದು ಆಸ್ಪತ್ರೆಯಿಂದ ಲಲಿತಾ ಅನ್ನುವವರ ಸ್ಯಾಂಪಲ್ ಬಂತು. ಗ್ರೂಪ್ ಮಾಡಿದೆ, ಎ ಪಾಸಿಟಿವ್. ರಿಜಿಸ್ಟರಿನಲ್ಲಿ ಹಳೆಯದನ್ನು ಹುಡುಕಿದೆ. ಅದೇ ಲಲಿತಕ್ಕನಿಗೆ ಎರಡು ವರ್ಷದ ಹಿಂದೆ ಹೆರಿಗೆಗೆ ನಮ್ಮಲ್ಲಿಂದಲೇ ರಕ್ತ ಹೋಗಿತ್ತು. ಆಗ ಬರೆದದ್ದು ಓ ಪಾಸಿಟಿವ್. ಮನುಷ್ಯನ ರಕ್ತದ ಗ್ರೂಪ್ ಹಾಗೆ ಸುಮ್ನೆ ಬದಲಾಗುವುದಿಲ್ಲ. ವಾರ್ಡಿಗೆ ಫೋನ್ ಮಾಡಿ ಹೊಸ ಸ್ಯಾಂಪಲ್ ತರಿಸಿದೆವು. ಅದು ಓ ಪಾಸಿಟಿವ್ ಬಂತು. ಪಕ್ಕದ ಹಾಸಿಗೆಯಲ್ಲೂ ಒಬ್ಬರು ಲಲಿತಾ ಇದ್ದರು. ರಕ್ತ ತೆಗೆದ ಮೇಲೆ ಎರಡೂ ಟ್ಯೂಬನ್ನು ಮೇಜಿನ ಹತ್ತಿರ ಒಯ್ದು, ಅಲ್ಲಿ ಕೂತು ಹೆಸರು ಅಂಟಿಸಿದ್ದರು. ಹಳೆಯ ರಿಜಿಸ್ಟರ್ ಇಲ್ಲದಿದ್ದರೆ ಓ ಗ್ರೂಪಿನ ಹೆಂಗಸಿಗೆ ಎ ರಕ್ತ ಹೋಗುತ್ತಿತ್ತು. ಅದರಿಂದ ಜೀವ ಹೋಗಬಹುದು. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾಗಿ ನೀವು ರೋಗಿಯ ಪಕ್ಕದಲ್ಲಿ ಇದ್ದರೆ ಒಂದು ಕೆಲಸ ಮಾಡಿ. ಟ್ಯೂಬಿಗೆ ಹೆಸರು ಹಾಸಿಗೆಯ ಪಕ್ಕದಲ್ಲೇ ಬರೆಯುತ್ತಾರಾ ನೋಡಿ. ಇಲ್ಲದಿದ್ದರೆ, "ಸಿಸ್ಟರ್, ಇಲ್ಲೇ ಬರೆಯಿರಿ" ಅಂತ ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ರೋಗಿಯ ಹತ್ತಿರ "ನೀವು ಲಲಿತಾ ಅಲ್ವಾ?" ಅಂತ ಕೇಳುವುದು ಒಳ್ಳೆಯ ಕ್ರಮ ಅಲ್ಲ. ಜ್ವರದಲ್ಲಿ ಮಲಗಿದವರು ಯಾವುದಕ್ಕೂ "ಹ್ಞೂಂ" ಅಂದುಬಿಡುತ್ತಾರೆ. "ನಿಮ್ಮ ಹೆಸರೆಂತ?" ಅಂತಲೇ ಕೇಳಬೇಕು.

ಡ್ರೈವಿಂಗ್ ಲೈಸೆನ್ಸಿನಲ್ಲಿದ್ದ ಗ್ರೂಪ್, ಶಾಲೆಯ ಕ್ಯಾಂಪಿನಲ್ಲಿ ಹೇಳಿದ ಗ್ರೂಪ್, ಇದ್ಯಾವುದನ್ನೂ ನಂಬಿ ನಾವು ರಕ್ತ ಕೊಡುವುದಿಲ್ಲ. ಪ್ರತಿ ಸಲ ಹೊಸದಾಗಿ ನೋಡುತ್ತೇವೆ. ಸ್ಯಾಂಪಲ್ ಮೂರು ದಿನಕ್ಕಿಂತ ಹಳೆಯದಾದರೆ ಮತ್ತೆ ಬೇಕಾಗುತ್ತದೆ. ಯಾಕೆಂದರೆ ಹೊಸ ರಕ್ತ ಹೋದವರ ಮೈಯಲ್ಲಿ ಹೊಸ ಪ್ರತಿಕಾಯ, ಅಂದರೆ ಹೊರಗಿನ ಕಣದ ವಿರುದ್ಧ ಹೋರಾಡುವ ಆಂಟಿಬಾಡಿ, ಹುಟ್ಟಿರಬಹುದು.

ಟೈಲ್ ಮೇಲೆ ಏನು ಕಾಣುತ್ತದೆ

ಗ್ರೂಪ್ ಅಂದರೆ ಎಂತ ಅಂತ ಅರ್ಥ ಆಗಬೇಕಾದರೆ ಒಮ್ಮೆ ನನ್ನ ಮೇಜಿನ ಹತ್ತಿರ ನಿಂತ ಹಾಗೆ ಊಹಿಸಿ. ಬಿಳಿ ಟೈಲ್ ಮೇಲೆ ಮೂರು ಹನಿ ಹಾಕುತ್ತೇನೆ. ನೀಲಿ ಹನಿ ಆಂಟಿ-ಎ, ಅಂದರೆ ಕೆಂಪು ಕಣದ ಮೇಲಿನ ಎ ಗುರುತಿಗೆ ಅಂಟುವ ಪ್ರತಿಕಾಯ. ಹಳದಿ ಹನಿ ಆಂಟಿ-ಬಿ. ಬಣ್ಣ ಇಲ್ಲದ್ದು ಆಂಟಿ-ಡಿ. ಪ್ರತಿಯೊಂದರ ಪಕ್ಕ ರೋಗಿಯ ರಕ್ತದ ಒಂದು ಹನಿ ಇಟ್ಟು, ಕಡ್ಡಿಯಿಂದ ಕಲಸಿ, ಟೈಲನ್ನು ಮೆಲ್ಲ ಆಚೀಚೆ ಓಲಾಡಿಸುತ್ತೇನೆ. ಕೆಲವೇ ಸೆಕೆಂಡು. ನೀಲಿಯಲ್ಲಿ ರಕ್ತ ಹಾಲು ಒಡೆದ ಹಾಗೆ ಗಂಟು ಗಂಟಾಗಿ, ನಡುವೆ ನೀರು ತಿಳಿಯಾದರೆ ಅದು ಎ. ಹಳದಿಯಲ್ಲಿ ಒಡೆದರೆ ಬಿ. ಎರಡರಲ್ಲೂ ಒಡೆದರೆ ಎಬಿ. ಎರಡೂ ನುಣ್ಣಗೆ ಹಾಗೇ ಇದ್ದರೆ ಓ. ಮೂರನೆಯದರಲ್ಲಿ ಒಡೆದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಟೈಲ್ ಅವಸರಕ್ಕೆ, ಕ್ಯಾಂಪಿಗೆ. ರೋಗಿಗೆ ಕೊಡುವ ಮೊದಲು ಟ್ಯೂಬಿನಲ್ಲಿ ಅಥವಾ ಜೆಲ್ ಕಾರ್ಡಿನಲ್ಲಿ ಮಾಡುತ್ತೇವೆ.

ಇದನ್ನು ಮೊದಲು ಕಂಡವರು ಕಾರ್ಲ್ ಲ್ಯಾಂಡ್‌ಸ್ಟೈನರ್. ವಿಯೆನ್ನಾದಲ್ಲಿ ತನ್ನ ಮತ್ತು ಜೊತೆಗೆ ಕೆಲಸ ಮಾಡುವವರ ರಕ್ತವನ್ನೇ ಒಂದಕ್ಕೊಂದು ಕಲಸಿ ನೋಡಿ, 1901ರಲ್ಲಿ ಪ್ರಕಟಿಸಿದರು. 1930ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಹುಟ್ಟಿದ ದಿನ ಜೂನ್ 14. ಅದನ್ನೇ ವಿಶ್ವ ರಕ್ತದಾನಿಗಳ ದಿನ ಅಂತ ಮಾಡುತ್ತೇವೆ. ಅದಕ್ಕಿಂತ ಮೊದಲು ರಕ್ತ ಕೊಟ್ಟರೆ ಒಬ್ಬ ಬದುಕುತ್ತಿದ್ದ, ಇನ್ನೊಬ್ಬ ಸಾಯುತ್ತಿದ್ದ. ಕಾರಣ ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಒಂದೇ ವಿಷಯ ನೆನಪಿಟ್ಟುಕೊಳ್ಳಿ. ಕೆಂಪು ಕಣದ ಮೇಲೆ ಎ, ಬಿ ಗುರುತುಗಳಲ್ಲಿ ಯಾವುದು ಇಲ್ಲವೋ, ಅದರ ವಿರುದ್ಧ ಹೋರಾಡುವ ಪ್ರತಿಕಾಯ ರಕ್ತದ ನೀರಿನಲ್ಲಿ, ಅಂದರೆ ಪ್ಲಾಸ್ಮಾದಲ್ಲಿ ಇರುತ್ತದೆ. ಎ ಗ್ರೂಪಿನವರಲ್ಲಿ ಆಂಟಿ-ಬಿ ಇರುತ್ತದೆ. ಬಿ ಗ್ರೂಪಿನವರಲ್ಲಿ ಆಂಟಿ-ಎ. ಓ ಗ್ರೂಪಿನವರಲ್ಲಿ ಎರಡೂ. ಎಬಿಯಲ್ಲಿ ಎರಡೂ ಇಲ್ಲ. ಮಗುವಿಗೆ ಕೆಲವು ತಿಂಗಳು ತುಂಬುವಾಗಲೇ ಇವು ತಾನಾಗಿ ಬರುತ್ತವೆ, ರಕ್ತ ತೆಗೆದುಕೊಂಡಿರಬೇಕು ಅಂತಿಲ್ಲ. ಅದಕ್ಕೇ ಮೊದಲನೇ ಸಲ ತಪ್ಪು ಗ್ರೂಪ್ ಕೊಟ್ಟರೂ ಅಪಾಯ.

ಇಷ್ಟು ಗೊತ್ತಾದರೆ ಉಳಿದದ್ದನ್ನು ನೀವೇ ಲೆಕ್ಕ ಹಾಕಬಹುದು. ಪಾಸಿಟಿವ್-ನೆಗೆಟಿವ್ ಬದಿಗಿಟ್ಟು ಹೇಳುವುದಾದರೆ, ಕೆಂಪು ಕಣ ಕೊಡುವಾಗ ಓ ಗ್ರೂಪಿನದನ್ನು ಯಾರಿಗೂ ಕೊಡಬಹುದು, ಏಕೆಂದರೆ ಅದರ ಮೇಲೆ ಎ ಬಿ ಗುರುತೇ ಇಲ್ಲ. ಎಬಿಯವರು ಯಾರದ್ದನ್ನೂ ತೆಗೆದುಕೊಳ್ಳಬಹುದು. ಓ ಗ್ರೂಪಿನವರಿಗೆ ಮಾತ್ರ ಓ ಅಲ್ಲದೆ ಬೇರೆ ದಾರಿ ಇಲ್ಲ. ಪ್ಲಾಸ್ಮಾ ಕೊಡುವಾಗ ಲೆಕ್ಕ ಪೂರ್ತಿ ಉಲ್ಟಾ. ಎಬಿ ಪ್ಲಾಸ್ಮಾ ಎಲ್ಲರಿಗೂ ಆಗುತ್ತದೆ, ಓ ಪ್ಲಾಸ್ಮಾ ಓ ಗ್ರೂಪಿನವರಿಗೆ ಮಾತ್ರ. "ಓ ಎಲ್ಲರಿಗೂ ಆಗ್ತದೆ ಅಂತ ಓದಿದ್ದೇವೆ" ಅಂತ ಪ್ಲಾಸ್ಮಾಕ್ಕೆ ಬಂದವರು ವಾದ ಮಾಡುವುದುಂಟು. ಅವರು ಓದಿದ್ದು ಕೆಂಪು ಕಣದ ಮಾತು.

ಹಾಗಂತ ಓ ನೆಗೆಟಿವ್ ಇದೆಯಲ್ಲ ಅಂತ ನಾವು ಎಲ್ಲರಿಗೂ ಅದನ್ನೇ ಕೊಡುವುದಿಲ್ಲ. ನಮ್ಮ ದೇಶದಲ್ಲಿ ನೆಗೆಟಿವ್ ಇರುವವರು ನೂರಕ್ಕೆ ಐದಾರು ಜನ. ಅದರಲ್ಲಿ ಓ ಎಷ್ಟು ಕಡಿಮೆ ಅಂತ ಯೋಚಿಸಿ. ಆಕ್ಸಿಡೆಂಟ್ ಆಗಿ ಬಂದು, ಗ್ರೂಪ್ ನೋಡುವಷ್ಟೂ ಸಮಯ ಇಲ್ಲದವರಿಗೆ ಅಂತ ಒಂದೆರಡು ಚೀಲ ಕಾಪಾಡಿ ಇಟ್ಟಿರುತ್ತೇವೆ. ಉಳಿದವರಿಗೆ ಅವರವರ ಗ್ರೂಪಿನದ್ದೇ.

ಆರ್‌ಎಚ್ ನೆಗೆಟಿವ್, ಅಂದರೆ ಡಿ ಗುರುತು ಇಲ್ಲದ ಹೆಣ್ಣುಮಕ್ಕಳ ಮನೆಯವರಿಗೆ ಒಂದು ಮಾತು. ನೆಗೆಟಿವ್ ತಾಯಿಗೆ ಪಾಸಿಟಿವ್ ಮಗು ಹುಟ್ಟಿದರೆ 72 ಗಂಟೆಯ ಒಳಗೆ ಆಂಟಿ-ಡಿ ಇಂಜೆಕ್ಷನ್ ಆಗಬೇಕು, ಇಲ್ಲದಿದ್ದರೆ ತಾಯಿಯಲ್ಲಿ ಪ್ರತಿಕಾಯ ಹುಟ್ಟಿ ಮುಂದಿನ ಮಗುವಿಗೆ ತೊಂದರೆ ಆಗಬಹುದು. ಏಳು ತಿಂಗಳ ಹೊತ್ತಿಗೂ ಒಂದು ಕೊಡುತ್ತಾರೆ. ಅಬಾರ್ಷನ್ ಆದರೂ ಬೇಕು. ಮೊದಲ ಮಗುವಿಗೆ ಏನೂ ಆಗಿಲ್ಲ ಅಂತ ಬಿಟ್ಟವರು ಎರಡನೇ ಮಗುವಿಗೆ ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ. ದಯವಿಟ್ಟು ಬಿಡಬೇಡಿ.

ಒಂದು ಗಂಟೆ ಯಾಕೆ ಕಾಯಿಸುತ್ತಾರೆ

ಗ್ರೂಪ್ ಹೊಂದಿದ ಮೇಲೂ ಕ್ರಾಸ್‌ಮ್ಯಾಚ್ ಮಾಡಬೇಕು. ಕೊಡುವ ಚೀಲದ ಕೆಂಪು ಕಣವನ್ನು ರೋಗಿಯ ಪ್ಲಾಸ್ಮಾದ ಜೊತೆ ಸೇರಿಸಿ, 37 ಡಿಗ್ರಿಯಲ್ಲಿ, ಅಂದರೆ ಮೈಯ ಬಿಸಿಯಲ್ಲಿ ಇಟ್ಟು, ತಿರುಗಿಸಿ ನೋಡುತ್ತೇವೆ. ಎ, ಬಿ, ಡಿ ಅಲ್ಲದೆ ಕಣದ ಮೇಲೆ ಇನ್ನೂ ನೂರಾರು ಗುರುತು ಉಂಟು. ಹಲವು ಸಲ ರಕ್ತ ತೆಗೆದುಕೊಂಡವರಲ್ಲಿ, ಮೂರ್ನಾಲ್ಕು ಹೆರಿಗೆ ಆದವರಲ್ಲಿ ಅವುಗಳ ವಿರುದ್ಧ ಪ್ರತಿಕಾಯ ಇರಬಹುದು. ಥಲಸೇಮಿಯಾ ಕಾಯಿಲೆಯಿಂದ ಆಗಾಗ ರಕ್ತ ಹಾಕಿಸಬೇಕಾದ ಮಕ್ಕಳಿಗೆ ಇದೇ ದೊಡ್ಡ ಕಷ್ಟ. ಒಳಗೆ ಎಲ್ಲ ಸರಿ ಹೋದರೆ ಮುಕ್ಕಾಲು ಗಂಟೆ, ಒಂದು ಗಂಟೆ. ಎಲ್ಲಾದರೂ ಗಂಟು ಕಂಡರೆ ಇಡೀ ದಿನ ಹಿಡಿಯಬಹುದು. ಫಾರ್ಮಿನಲ್ಲಿ "ಹಿಂದೆ ರಕ್ತ ತೆಗೆದುಕೊಂಡಿದ್ದಾರಾ, ಎಷ್ಟು ಹೆರಿಗೆ" ಅಂತ ಕೇಳುವುದು ಇದಕ್ಕೇ. ಸರಿಯಾಗಿ ತುಂಬಿಸಿ. ಮರುದಿನ ಆಪರೇಷನ್ ಇದ್ದರೆ ಹಿಂದಿನ ದಿನ ಮಧ್ಯಾಹ್ನವೇ ಸ್ಯಾಂಪಲ್ ಕಳಿಸಿ. ಬೆಳಿಗ್ಗೆ ಆರಕ್ಕೆ ಓಡಿ ಬರಬೇಡಿ.

"ಫ್ರೆಶ್ ಬ್ಲಡ್ ಬೇಕು, ಈಗಷ್ಟೇ ತೆಗೆದದ್ದು ಕೊಡಿ" ಅಂತ ಕೇಳುತ್ತಾರೆ. ಈಗಷ್ಟೇ ತೆಗೆದದ್ದನ್ನು ಯಾರಿಗೂ ಕೊಡುವ ಹಾಗಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ, ಈ ಐದೂ ಪರೀಕ್ಷೆ ಮುಗಿಯಬೇಕು. ಕೆಂಪು ಕಣ 2ರಿಂದ 6 ಡಿಗ್ರಿಯಲ್ಲಿ, ಚೀಲದ ದ್ರಾವಣ ನೋಡಿಕೊಂಡು, 35 ಅಥವಾ 42 ದಿನ ಚೆನ್ನಾಗಿ ಇರುತ್ತದೆ.

ಡೆಂಗ್ಯೂ ದಿನಗಳು

ಜೂನ್ ಬಂದರೆ ನಮ್ಮಲ್ಲಿ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ಬೇಕು ಅನ್ನುವ ಫೋನುಗಳೇ. ಒಬ್ಬ ದಾನಿಯ ಒಂದು ಚೀಲದಿಂದ ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಬೇರೆ ಮಾಡುತ್ತೇವೆ. ಹೀಗೆ ಬೇರೆ ಮಾಡಿದ ಪ್ಲೇಟ್‌ಲೆಟ್ ಒಂದು ಚೀಲಕ್ಕೆ ರೋಗಿಯ ಕೌಂಟ್ (ರಕ್ತದಲ್ಲಿರುವ ಪ್ಲೇಟ್‌ಲೆಟ್ ಸಂಖ್ಯೆ) ಸುಮಾರು 5ರಿಂದ 10 ಸಾವಿರ ಏರಬಹುದು. ಯಂತ್ರದಲ್ಲಿ ಒಬ್ಬನಿಂದಲೇ ತೆಗೆಯುವ ಎಸ್‌ಡಿಪಿಯಲ್ಲಿ (ಸಿಂಗಲ್ ಡೋನರ್ ಪ್ಲೇಟ್‌ಲೆಟ್) 30 ಸಾವಿರಕ್ಕಿಂತ ಜಾಸ್ತಿ. ಎಸ್‌ಡಿಪಿಗೆ ದಾನಿ ಒಂದರಿಂದ ಎರಡು ಗಂಟೆ ಮಲಗಬೇಕು, ಕೈಯ ನರ ಚೆನ್ನಾಗಿರಬೇಕು.

ಪ್ಲೇಟ್‌ಲೆಟ್ ಫ್ರಿಜ್ಜಿನಲ್ಲಿ ಇಡುವ ವಸ್ತು ಅಲ್ಲ. 20ರಿಂದ 24 ಡಿಗ್ರಿಯಲ್ಲಿ, ಅಲುಗಾಡುವ ತಟ್ಟೆಯ ಮೇಲೆ, ಐದು ದಿನ ಮಾತ್ರ ಬಾಳುತ್ತದೆ. ಒಮ್ಮೆ ಮಲ್ಪೆಯಿಂದ ಒಬ್ಬ ಅಣ್ಣ ಮೀನಿನ ಐಸ್ ಬಾಕ್ಸ್ ತೊಳೆದು, ಹೊಸ ಐಸ್ ತುಂಬಿಸಿ, ತಮ್ಮನ ಪ್ಲೇಟ್‌ಲೆಟ್ ಒಯ್ಯಲು ಬಂದಿದ್ದರು. ಅಷ್ಟು ಕಾಳಜಿ. ಐಸ್ ತೆಗೆಸಿ, ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಕೆಂಪು ಕಣ ಒಯ್ಯುವುದಾದರೆ ಅದೇ ಬಾಕ್ಸ್ ಬೇಕಾಗುತ್ತಿತ್ತು, ಐಸ್ ಚೀಲಕ್ಕೆ ನೇರ ತಾಗದ ಹಾಗೆ. ಪ್ಲಾಸ್ಮಾ ಗಟ್ಟಿಯಾಗಿ ಹೆಪ್ಪುಗಟ್ಟಿ ಇರುತ್ತದೆ, ಕರಗಿಸಲು ಅರ್ಧ ಗಂಟೆ ಬೇಕು. ಹಾಗಾಗಿ ಫಾರ್ಮಿನಲ್ಲಿ ಡಾಕ್ಟರ್ ಬರೆದದ್ದು ಯಾವುದು ಅಂತ ಮೊದಲು ಕೇಳಿಕೊಳ್ಳಿ. "ಬ್ಲಡ್ ಬೇಕು" ಅನ್ನುವುದು ಸಾಕಾಗುವುದಿಲ್ಲ.

ಕೌಂಟ್ 40 ಸಾವಿರಕ್ಕೆ ಬಂತು ಅಂತ ಹೆದರಿ ಊರೆಲ್ಲ ದಾನಿಗಳನ್ನು ಎಬ್ಬಿಸಬೇಡಿ. ರಕ್ತಸ್ರಾವ ಇಲ್ಲದಿದ್ದರೆ ಡೆಂಗ್ಯೂವಿನಲ್ಲಿ ಅದಕ್ಕಿಂತ ತುಂಬಾ ಕೆಳಗೆ ಹೋಗುವವರೆಗೂ ಡಾಕ್ಟರುಗಳು ಕಾಯುತ್ತಾರೆ.

ಯಾರನ್ನು ಕರೆದು ತರಬೇಕು

ನೀವು ಒಯ್ದ ರಕ್ತದ ಬದಲಿಗೆ ರಕ್ತ ಕೊಡಲು ಬರುವವರು ಅದೇ ಗ್ರೂಪಿನವರು ಆಗಿರಬೇಕು ಅಂತಿಲ್ಲ. ಯಾವ ಗ್ರೂಪ್ ಆದರೂ ಆಗುತ್ತದೆ. ಇದು ಗೊತ್ತಿಲ್ಲದೆ ಬಿ ಪಾಸಿಟಿವ್ ಹುಡುಕಿ ಹುಡುಕಿ ಸುಸ್ತಾದವರು ಎಷ್ಟೋ ಜನ. 18ರಿಂದ 65 ವರ್ಷ, ಕನಿಷ್ಠ 45 ಕೆಜಿ ತೂಕ, ಹಿಮೋಗ್ಲೋಬಿನ್ 12.5. ಗಂಡಸರಿಗೆ ಎರಡು ದಾನದ ನಡುವೆ 90 ದಿನ, ಹೆಂಗಸರಿಗೆ 120 ದಿನ. ನಮ್ಮಲ್ಲಿ ಹಿಮೋಗ್ಲೋಬಿನ್ ನೋಡಲು ಈಗಲೂ ನೀಲಿ ತುತ್ತದ ನೀರಿನ ಬಾಟ್ಲಿ ಇದೆ. ಬೆರಳಿನ ಒಂದು ಹನಿ ರಕ್ತ ಬಿಡುತ್ತೇವೆ. ಹನಿ ನೇರ ತಳಕ್ಕೆ ಮುಳುಗಿದರೆ ಪಾಸ್. ಅರ್ಧದಲ್ಲಿ ನಿಂತು ಮೇಲೆ ಬಂದರೆ ಮನೆಗೆ ಕಳಿಸಬೇಕು. ಕಾಲೇಜಿನ ಹುಡುಗಿಯರು ಆ ಹನಿಯನ್ನು ಉಸಿರು ಹಿಡಿದು ನೋಡುತ್ತಾರೆ. ತೇಲಿದರೆ ಅವರ ಮುಖ ಸಣ್ಣದಾಗುವುದನ್ನು ನೋಡಲು ನನಗೆ ಆಗುವುದಿಲ್ಲ.

ರಾತ್ರಿ ಇಡೀ ಕೋಲ ನೋಡಿ, ಯಕ್ಷಗಾನ ನೋಡಿ ನೇರ ಬಂದವರನ್ನು ಮಲಗಿಸುವುದಿಲ್ಲ. ನಿದ್ದೆ ಆಗಿರಬೇಕು, ಹೊಟ್ಟೆ ಖಾಲಿ ಇರಬಾರದು. ಎರಡು ಬನ್ಸ್ ತಿಂದು, ನೀರು ಕುಡಿದು ಬಂದರೆ ತಲೆ ತಿರುಗುವುದಿಲ್ಲ. ಮಲೇರಿಯಾ ಬಂದು ವಾಸಿಯಾದವರು ಮೂರು ತಿಂಗಳು ಕೊಡಬಾರದು. ಮಂಗಳೂರಿನಲ್ಲಿ ಈ ಪ್ರಶ್ನೆ ಸುಮ್ನೆ ಕೇಳುವುದಲ್ಲ, ನಿಜ ಹೇಳಿ. ಕಾಮಾಲೆ ಆಗಿದ್ದರೂ ಹೇಳಿ.

ಹತ್ತಿರದ ಸಂಬಂಧಿಕರ ರಕ್ತವೇ ಒಳ್ಳೆಯದು ಅಂತ ನಮ್ಮವರಲ್ಲಿ ಗಟ್ಟಿ ನಂಬಿಕೆ. "ನನ್ನ ತಂದೆಗೆ ನನ್ನದ್ದೇ ಕೊಡಿ" ಅಂತ ಮಕ್ಕಳು ತೋಳು ಮಡಚಿ ನಿಲ್ಲುತ್ತಾರೆ. ಆ ಪ್ರೀತಿ ನನಗೆ ಅರ್ಥ ಆಗುತ್ತದೆ. ಆದರೆ ಮಗನ ಬಿಳಿ ಕಣ ತಂದೆಯ ಕಣದ ಹಾಗೇ ಕಾಣುವುದರಿಂದ ತಂದೆಯ ದೇಹ ಅದನ್ನು ಹೊರಗಿನದು ಅಂತ ಗುರುತಿಸದೆ ಬಿಟ್ಟುಬಿಡಬಹುದು. ಅದು ಅಲ್ಲೇ ಬೆಳೆದು ತಂದೆಯ ಮೈಯನ್ನೇ ತಿನ್ನಲು ಶುರು ಮಾಡುತ್ತದೆ. ಅಪರೂಪಕ್ಕೆ ಆಗುವುದು, ಆದರೆ ಹಾಗಾದರೆ ರೋಗಿ ಉಳಿಯುವುದು ಬಹಳ ಕಷ್ಟ. ಆ ಬಿಳಿ ಕಣ ಬೆಳೆಯದ ಹಾಗೆ ಚೀಲಕ್ಕೆ ವಿಕಿರಣ ಹಾಯಿಸಿ ಕೊಡುವ ಸೌಕರ್ಯ ಎಲ್ಲ ಕಡೆ ಇಲ್ಲ. ಮಗನ ರಕ್ತ ಬೇರೆ ಯಾರಿಗೋ ಹೋಗಲಿ, ತಂದೆಗೆ ಬೇರೆಯವರದ್ದು ಬರಲಿ. ಇನ್ನೂ ಮಕ್ಕಳಾಗಬೇಕಾದ ಹೆಂಡತಿಗೆ ಗಂಡನ ರಕ್ತವೂ ಬೇಡ. ಅವನ ಕಣಗಳ ವಿರುದ್ಧ ಅವಳಲ್ಲಿ ಪ್ರತಿಕಾಯ ಹುಟ್ಟಿದರೆ ಮುಂದೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ.

ದುಡ್ಡು ಕೊಟ್ಟರೆ ಬರುತ್ತೇನೆ ಅನ್ನುವ ದಾನಿ ಸಿಕ್ಕಿದರೆ ಬೇಡ ಅನ್ನಿ. ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪಿನ ಮೇಲೆ 1998ರ ಜನವರಿಯಿಂದ ಅದು ನಿಷೇಧ. ಬ್ಲಡ್ ಬ್ಯಾಂಕಿನಲ್ಲಿ ತೆಗೆದುಕೊಳ್ಳುವುದು ಪರೀಕ್ಷೆ, ಚೀಲ, ಸಂಗ್ರಹದ ಪ್ರೊಸೆಸಿಂಗ್ ಚಾರ್ಜ್. ಅದಕ್ಕೆ ರಶೀದಿ ಕೇಳಿ ತೆಗೆದುಕೊಳ್ಳಿ. ಎಲ್ಲಿ ಯಾವ ಗ್ರೂಪ್ ಉಂಟು ಅಂತ ಇ-ರಕ್ತಕೋಶದ ವೆಬ್‌ಸೈಟಿನಲ್ಲಿ ಜಿಲ್ಲೆ ಹಾಕಿ ನೋಡಬಹುದು. ನೋಡಿದ ಮೇಲೂ ಒಂದು ಫೋನ್ ಮಾಡಿ ಹೊರಡಿ.

ವಾಟ್ಸಾಪಿನಲ್ಲಿ ಹಾಕುವುದಾದರೆ ದಿನಾಂಕ ಬರೆಯಿರಿ. ಆಸ್ಪತ್ರೆ, ರಕ್ತದ ಯಾವ ಘಟಕ (ಕೆಂಪು ಕಣವೋ, ಪ್ಲಾಸ್ಮಾವೋ, ಪ್ಲೇಟ್‌ಲೆಟ್ಟೋ), ಎಷ್ಟು ಚೀಲ, ಎಷ್ಟು ಗಂಟೆಯ ಒಳಗೆ, ಇಷ್ಟು ಸಾಕು. ರಕ್ತ ಸಿಕ್ಕಿದ ಕೂಡಲೇ "ಸಿಕ್ಕಿತು" ಅಂತ ಅದೇ ಗುಂಪಿನಲ್ಲಿ ಹಾಕಿ. ದಿನಾಂಕ ಇಲ್ಲದ ಮೆಸೇಜ್ ವರ್ಷಗಟ್ಟಲೆ ಸುತ್ತುತ್ತದೆ.

ಚೀಲ ವಾರ್ಡಿಗೆ ಬಂದ ಮೇಲೆ

ದಾರಿಯಲ್ಲಿ ಟೀ ಕುಡಿಯಲು ನಿಲ್ಲಬೇಡಿ. ಕೆಂಪು ಕಣದ ಚೀಲ ನಮ್ಮ ಫ್ರಿಜ್ಜಿನಿಂದ ಹೊರಗೆ ಬಂದ ಅರ್ಧ ಗಂಟೆಯಲ್ಲಿ ಶುರು ಮಾಡಬೇಕು, ನಾಲ್ಕು ಗಂಟೆಯ ಒಳಗೆ ಮುಗಿಸಬೇಕು. ತಣ್ಣಗಿದೆ ಅಂತ ಬಿಸಿನೀರಿನಲ್ಲಿ ಅದ್ದಬೇಡಿ, ಕಣ ಒಡೆದುಹೋಗುತ್ತದೆ.

ಹಾಕುವ ಮೊದಲು ಇಬ್ಬರು ಸಿಬ್ಬಂದಿ ಚೀಲದ ಹೆಸರು, ಆಸ್ಪತ್ರೆಯ ನಂಬರ್, ಗ್ರೂಪ್, ಚೀಲದ ನಂಬರ್, ಎಕ್ಸ್‌ಪೈರಿ ದಿನಾಂಕ ಓದಿ ರೋಗಿಯ ಕೈಪಟ್ಟಿಯ ಜೊತೆ ತಾಳೆ ನೋಡುತ್ತಾರೆ. ನೀವೂ ನೋಡಿ. ಮೊದಲ 15 ನಿಮಿಷ ರೋಗಿಯ ಹತ್ತಿರದಿಂದ ಏಳಬೇಡಿ. ಚಳಿ, ನಡುಕ, ಜ್ವರ, ಸೊಂಟ ನೋವು, ಉಸಿರು ಕಟ್ಟುವುದು, ಮೈ ತುರಿಕೆ, ಮೂತ್ರ ಕೆಂಪಾಗುವುದು, ಇದರಲ್ಲಿ ಒಂದು ಕಂಡರೂ ಕೂಡಲೇ ಸಿಸ್ಟರನ್ನು ಕರೆಯಿರಿ. "ಎಂತದೋ ಒಂಥರಾ ಆಗ್ತಾ ಉಂಟು" ಅಂತ ರೋಗಿ ಹೇಳಿದರೂ ಹಗುರ ಮಾಡಬೇಡಿ. ಅವರು ರಕ್ತ ನಿಲ್ಲಿಸಿ, ಚೀಲವನ್ನು ನಮಗೆ ವಾಪಸ್ ಕಳಿಸುತ್ತಾರೆ. ಆ ಚೀಲ ಎಸೆಯಬಾರದು.

ಇನ್ನೊಂದು ಉಳಿಯಿತು. ಕೆಲವರಿಗೆ ಟೈಲ್ ಮೇಲೆ ಓ ಅಂತಲೇ ಕಾಣುತ್ತದೆ, ಆದರೆ ಯಾವ ಓ ಚೀಲ ಸೇರಿಸಿದರೂ ಗಂಟಾಗುತ್ತದೆ. ಅದು ಬಾಂಬೆ ಗ್ರೂಪ್. 1952ರಲ್ಲಿ ಬಾಂಬೆಯಲ್ಲಿ ಡಾ. ಭೆಂಡೆ ಮತ್ತು ಜೊತೆಯವರು ಕಂಡುಹಿಡಿದದ್ದು. ಎಲ್ಲ ಓ ಕಣದ ಮೇಲೂ ಇರುವ ಎಚ್ ಅನ್ನುವ ಗುರುತು ಇವರಲ್ಲಿ ಇಲ್ಲ. ಅವರಿಗೆ ಬಾಂಬೆ ಗ್ರೂಪಿನವರದ್ದೇ ಆಗಬೇಕು. ನಮ್ಮ ಕರಾವಳಿಯಲ್ಲೂ ಇದ್ದಾರೆ. ಹಾಗೆ ಗೊತ್ತಾದರೆ ಅಕ್ಕ, ತಮ್ಮ, ಎಲ್ಲರನ್ನೂ ಕರೆದು ಪರೀಕ್ಷೆ ಮಾಡಿಸಿ, ಅವರಲ್ಲೇ ಸಿಗುವ ಸಾಧ್ಯತೆ ಜಾಸ್ತಿ. ಸಿಕ್ಕಿದರೆ, ವಿಕಿರಣ ಹಾಯಿಸುವುದು ಹೇಗೆ ಅಂತ ಡಾಕ್ಟರ್ ನೋಡಿಕೊಳ್ಳುತ್ತಾರೆ.

ಬಾಂಬೆ ಗ್ರೂಪ್ ಇರಲಿ, ಬೇರೆ ಪ್ರತಿಕಾಯ ಸಿಕ್ಕಿರಲಿ, ಬ್ಲಡ್ ಬ್ಯಾಂಕಿನಿಂದ ಅದರ ವಿವರ ಬರೆದ ಕಾರ್ಡೋ ಚೀಟಿಯೋ ಕೇಳಿ ತೆಗೆದುಕೊಳ್ಳಿ. ಅದಕ್ಕೊಂದು ಪ್ಲಾಸ್ಟಿಕ್ ಕವರ್ ಹಾಕಿ ರೋಗಿಯ ಪರ್ಸಿನಲ್ಲಿ ಇಡಿ, ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲೂ ಇಡಿ. ಮುಂದಿನ ಸಲ ಬೇರೆ ಊರಿನ ಬ್ಲಡ್ ಬ್ಯಾಂಕಿಗೆ ಹೋದರೆ, ಸ್ಯಾಂಪಲ್ ಜೊತೆ ಅದನ್ನೂ ಕೌಂಟರಿನಲ್ಲಿ ಕೊಡಿ.